ಹಿತ್ತಲ ಕೋಣೆಯ ಪೈಲ್ವಾನ

ಮುಳಬಾಗಿಲಿನ ಮಠದ ಬೀದಿಯಲ್ಲಿ, ಹೊರಗೆ ಕೂರುವ ಮೂರು ದಿನಕ್ಕೋಸ್ಕರ ತಿಂಗಳೆಲ್ಲ ಕಾಯುತ್ತಿದ್ದ ಸೊಸೆ ಯಾರಾದರೂ ಇದ್ದರೆ ಅದು ಶಾಮಲಮ್ಮನವರ ಸೊಸೆ ಮೃದುಲಾ ಒಬ್ಬಳೇ. ಉಳಿದ ಮನೆಗಳ ಹೆಂಗಸರಿಗೆ ಅದೊಂದು ತಾಪತ್ರಯ. ಮುಟ್ಟಾದರೆ ಒಳಗೆ ಕಾಲಿಡುವಂತಿಲ್ಲ, ಯಾರನ್ನೂ ಸೋಕುವಂತಿಲ್ಲ. ಹಿತ್ತಲಲ್ಲಿ ನುಗ್ಗೆಮರದ ಪಕ್ಕದ ಕೋಣೆಯಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ ಇಟ್ಟುಕೊಂಡು ಕೂರಬೇಕು. ನಾಲ್ಕನೇ ದಿನ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡ ಮೇಲೆಯೇ ಮತ್ತೆ ಮನುಷ್ಯರ ಸಾಲಿಗೆ ಸೇರುವುದು. ಕೋಲಾರದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಮೃದುಲಾಗೂ ಆ ಕೋಣೆ ಕಂಡರೆ ಅಳು ಬರುತ್ತಿತ್ತು. ಆಮೇಲೆ ಅಲ್ಲಿಗೆ ಪೈಲ್ವಾನ ಬಂದ.

ಪೈಲ್ವಾನ ಬಂದಿದ್ದು ನಂಗಲಿಯಿಂದ, ತೊಂಬತ್ತಾರರಲ್ಲಿ. ಮೃದುಲಾಳ ಮೈದುನ ಭಾರ್ಗವ್ ಆಗ ಪಿಯುಸಿ ಓದುತ್ತಿದ್ದ. ಓದುತ್ತಿದ್ದಾನೆ ಅಂತ ಮನೆಯವರು ನಂಬಿದ್ದರು. ನಂಗಲಿಯಲ್ಲಿ ಮದ್ರಾಸಿನ ಕಡೆಯಿಂದ ಬರುವ ಲಾರಿಗಳು ನಿಲ್ಲುವ ಜಾಗದಲ್ಲಿ ವಾಚು, ಟಾರ್ಚು, ಫಾರಿನ್ ಸೋಪು, ಏನು ಬೇಕಾದರೂ ಸಿಗುತ್ತಿತ್ತು. ಅಲ್ಲಿಂದ ಅವನೊಂದು ವಿಡಿಯೋ ಗೇಮ್ ತಂದ. ಅಂಗೈಗಿಂತ ಸ್ವಲ್ಪ ದೊಡ್ಡದು, ಬೂದು ಬಣ್ಣ. ಎಡಗಡೆ ಅತ್ತಿತ್ತ ಓಡಿಸುವ ಗುಂಡಿ, ಬಲಗಡೆ ಹೊಡೆಯುವ ಗುಂಡಿ, ನಡುವೆ ಪಾಚಿ ಬಣ್ಣದ ಸಣ್ಣ ಪರದೆ. ಅದರೊಳಗೆ ಇದ್ದಿದ್ದು ಒಂದೇ ಆಟ. ಮನುಷ್ಯನ ಹಾಗೆ ಕೈಕಾಲು ಇರುವ ಒಂದು ದೊಡ್ಡ ಕಬ್ಬಿಣದ ಯಂತ್ರ, ಅದರ ಎದೆಯೊಳಗೆ ಯಾರೋ ಕೂತು ಅದನ್ನು ನಡೆಸುತ್ತಾರೆ. ಎದುರಿಂದ ಬೇರೆ ಲೋಕದ ಜೀವಿಗಳು ಹಿಂಡುಹಿಂಡಾಗಿ ಬರುತ್ತವೆ. ಹೊಡೆದುಕೊಂಡು ಮುಂದೆ ಹೋಗುತ್ತಿರಬೇಕು. ಬರೆದಿದ್ದ ಅಕ್ಷರ ಜಪಾನಿನದೋ ಚೀನಾದ್ದೋ ಊರಲ್ಲಿ ಹೇಳುವವರಿರಲಿಲ್ಲ.

ಒಂದು ಬೆಳಗ್ಗೆ ಭಾರ್ಗವ್ ಅದನ್ನು ಹಿತ್ತಲ ಕಟ್ಟೆಯ ಮೇಲೆ ಮರೆತು ಕಾಲೇಜಿಗೆ ಹೋದ. ಅವತ್ತು ಹೊರಗಾಗಿದ್ದ ಅವನ ಅಕ್ಕ ಶ್ರೀಪ್ರಿಯಾ ಏನಿದು ಅಂತ ಕೈಗೆ ತೆಗೆದುಕೊಂಡಳು. ಸಂಜೆ ದೊಡ್ಡ ಪಂಚಾಯಿತಿಯಾಯಿತು. ಮೈಲಿಗೆಯಾದದ್ದನ್ನು ತೊಳೆದು ಒಳಗೆ ತೆಗೆದುಕೋ ಅಂದರು ಶಾಮಲಮ್ಮ. ತೊಳೆದರೆ ಕೆಟ್ಟೇ ಹೋಗುತ್ತದೆ ಅಂದ ಭಾರ್ಗವ್. ಹಾಗಾದರೆ ಅದು ಒಳಗೆ ಬರುವುದು ಬೇಡ ಅಂದರು ಶಾಮಲಮ್ಮ. ಅವರ ಬಾಯಿಂದ ಬಂದ ತೀರ್ಪಿಗೆ ಆ ಮನೆಯಲ್ಲಿ ಮೇಲಿನ ಕೋರ್ಟು ಇರಲಿಲ್ಲ. ಹೀಗೆ ಆ ಆಟ ಹಿತ್ತಲ ಕೋಣೆಯ ಗೂಡಿನಲ್ಲಿ ಕಾಯಂ ಆಯಿತು. ಹೊರಗಾದವರನ್ನು ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಮಡಿ ಮೈಲಿಗೆ ಹೆಂಗಸರಿಂದ ಕಿತ್ತುಕೊಂಡಿದ್ದು ಬೇಕಾದಷ್ಟಿದೆ. ಕೊಟ್ಟಿದ್ದು ಅಂತ ನನಗೆ ಗೊತ್ತಿರುವುದು ಇದೊಂದೇ.

ಒಂದೇ ಮನೆಯ ಹೆಂಗಸರ ದಿನಗಳು ಜೊತೆಗೂಡುವುದುಂಟು. ಅತ್ತಿಗೆ ನಾದಿನಿಯರ ದಿನಗಳೂ ಹಾಗೆ ಕೂಡಿಕೊಂಡವು. ಇಬ್ಬರಿಗೆ ಒಂದೇ ಆಟ ಹೇಗೆ ಹಂಚಿಕೊಳ್ಳುವುದು? ನೀವೊಂದು ಸಲ ನಾನೊಂದು ಸಲ ಅಂತ ಶುರುಮಾಡಿ, ಜಗಳವಾಡಿ, ಕೊನೆಗೆ ಭುಜಕ್ಕೆ ಭುಜ ತಾಗಿಸಿ ಕೂತು ಒಬ್ಬೊಬ್ಬರು ಒಂದೊಂದು ಕೈ ಹಾಕುವುದು ಅಂತಾಯಿತು. ಶ್ರೀಪ್ರಿಯಾಳ ಎಡಗೈ ಯಂತ್ರವನ್ನು ಓಡಿಸುತ್ತಿತ್ತು, ಮೃದುಲಾಳ ಬಲಗೈ ಗುಂಡು ಹೊಡೆಯುತ್ತಿತ್ತು. ಮೊದಮೊದಲು ಇವಳು ಹೊಡೆಯುವಾಗ ಅವಳು ಬೇರೆ ಕಡೆ ಓಡಿಸಿ, ಇಬ್ಬರೂ ಸೇರಿ ನಿಮಿಷಕ್ಕೊಂದು ಸಲ ಸತ್ತರು. ಆರು ತಿಂಗಳಾಗುವ ಹೊತ್ತಿಗೆ ಮಾತೇ ಬೇಕಾಗಲಿಲ್ಲ. ಪಕ್ಕದವಳ ಉಸಿರು ಬಿಗಿಯಾದರೆ ಸಾಕು, ಇವಳ ಹೆಬ್ಬೆರಳಿಗೆ ತಿಳಿಯುತ್ತಿತ್ತು.

ಒಡಹುಟ್ಟಿದವರಿಲ್ಲದೆ ಬೆಳೆದ ಮೃದುಲಾಗೆ ಅದು ಹೊಸ ಸುಖ. ಒಳಗೆ ಇದ್ದಾಗ ಇಬ್ಬರೂ ಒಲೆ, ಬಾವಿ, ಮಡಿ ಅಂತ ಓಡಾಡಿಕೊಂಡು ಎದುರೆದುರು ಸಿಕ್ಕರೂ ಮಾತಿಗೆ ಪುರುಸೊತ್ತಿರುತ್ತಿರಲಿಲ್ಲ. ಯಾರನ್ನೂ ಮುಟ್ಟಬಾರದ ಆ ಮೂರು ದಿನದಲ್ಲೇ ಅವರು ಒಬ್ಬರಿಗೊಬ್ಬರು ಒರಗಿ ಕೂರುತ್ತಿದ್ದರು. ಸೆಲ್ಲು ಸೋತರೆ ಬಿಚ್ಚಿ ಬಿಸಿಲಿಗಿಟ್ಟು, ಅದು ಕಾಯುವ ತನಕ ಹರಟುತ್ತಿದ್ದರು. ಯಂತ್ರಕ್ಕೆ ಪೈಲ್ವಾನ ಅಂತ ಹೆಸರಿಟ್ಟವಳು ಶ್ರೀಪ್ರಿಯಾ. ಅದರೊಳಗೆ ಕೂತವರು ಯಾರು ಅನ್ನುವುದು ಇಬ್ಬರಿಗೂ ತೀರದ ಚರ್ಚೆ. ಟೋಪಿ ಮುಚ್ಚಿಕೊಂಡಿದ್ದರಿಂದ ಮುಖ ಕಾಣುತ್ತಿರಲಿಲ್ಲ. ಹುಡುಗ ಅಂತ ಮೃದುಲಾ. ಹುಡುಗಿಯೇ, ಹುಡುಗನಾಗಿದ್ದರೆ ಇಷ್ಟು ಹೊತ್ತಿಗೆ ಮುಖ ತೋರಿಸಿ ಮೆರೆಯುತ್ತಿದ್ದ ಅಂತ ಶ್ರೀಪ್ರಿಯಾ. ಕೊನೆ ಮುಟ್ಟಿದರೆ ಟೋಪಿ ತೆಗೆದಾರು ಅಂತ ಇಬ್ಬರಿಗೂ ನಂಬಿಕೆ.

ಕೊನೆಯದಾದ ಏಳನೇ ಘಟ್ಟದ ತುದಿಯಲ್ಲಿ ಒಂದು ದೊಡ್ಡ ಜೀವಿ ಅಡ್ಡ ನಿಲ್ಲುತ್ತಿತ್ತು. ಪರದೆ ತುಂಬ ಹೊಟ್ಟೆ, ಹೊಟ್ಟೆಯೊಳಗೆ ದುಂಡಗಿನವು ಏನೋ ಮಿಸುಕಾಡುತ್ತಿದ್ದವು. ಅದಕ್ಕೆ ಅವರು ಬಸುರಿ ಅಂತ ಹೆಸರಿಟ್ಟಿದ್ದರು. ಎಷ್ಟು ಹೊಡೆದರೂ ಬಸುರಿ ಸಾಯುತ್ತಿರಲಿಲ್ಲ. ಅಷ್ಟರಲ್ಲಿ ಶ್ರೀನಿವಾಸಪುರದ ಸಂಬಂಧ ಕೂಡಿಬಂದು ಶ್ರೀಪ್ರಿಯಾಳ ಮದುವೆ ನಿಶ್ಚಯವಾಯಿತು. ಹುಡುಗ ವಂಶಿಕೃಷ್ಣ, ಸೊಸೈಟಿಯಲ್ಲಿ ಗುಮಾಸ್ತ, ಒಳ್ಳೆಯ ಮನುಷ್ಯ. ಮದುವೆಗೆ ಮುಂಚೆ ಕೊನೆಯ ಸಲ ಹೊರಗೆ ಕೂತಾಗ ಅವಳು ಆಟವನ್ನು ಗೂಡಿನಲ್ಲಿಟ್ಟು, ನಾನಿಲ್ಲದೆ ಮುಗಿಸಬೇಡಿ ಅತ್ತಿಗೆ, ಅಂದಳು. ಮೃದುಲಾ ಇಲ್ಲ ಅಂದಳು.

ಮಾತು ಕೊಟ್ಟಷ್ಟು ಸುಲಭವಾಗಿ ದಿನ ಹೋಗಲಿಲ್ಲ. ಮೃದುಲಾ ಎರಡೂ ಕೈಯಲ್ಲಿ ಒಬ್ಬಳೇ ಆಡುವುದನ್ನು ಕಲಿತಳು. ಕಲಿತು ಎಷ್ಟು ಪಳಗಿದಳೆಂದರೆ ತೊಂಬತ್ತೆಂಟರ ಬೇಸಿಗೆಗೆ ಬಸುರಿಯನ್ನು ಇನ್ನೊಂದೇ ಏಟಿಗೆ ಉರುಳಿಸುವ ತನಕ ತಂದಳು. ಅಲ್ಲಿಗೆ ಬಂದು ಗುಂಡಿಯಿಂದ ಬೆರಳು ತೆಗೆದಳು. ಪೈಲ್ವಾನ ಸುಮ್ಮನೆ ನಿಂತ, ಏಟು ತಿಂದ, ಸತ್ತ. ಆಮೇಲೆ ಪ್ರತಿ ತಿಂಗಳೂ ಅಷ್ಟೇ. ಅಲ್ಲಿ ತನಕ ಹೋಗುವುದು, ಕೈ ಬಿಡುವುದು. ಪಕ್ಕದಲ್ಲಿ ಖಾಲಿಯಿದ್ದ ಚಾಪೆಯ ಕಡೆ ನೋಡುವುದು. ಶ್ರೀಪ್ರಿಯಾ ಹಬ್ಬಕ್ಕೆ ಹುಣ್ಣಿಮೆಗೆ ಬರುತ್ತಿದ್ದಳು. ಆದರೆ ಅತ್ತೆಮನೆಯ ನೀರು ಕುಡಿದು ದಿನಗಳೂ ಬದಲಾಗಿದ್ದವು. ಇವಳು ಹೊರಗಿದ್ದರೆ ಅವಳು ಒಳಗೆ, ಅವಳು ಹೊರಗಿದ್ದರೆ ಶ್ರೀನಿವಾಸಪುರದಲ್ಲಿ. ಹತ್ತು ಅಡಿ ದೂರ ನಿಂತು ಚೆನ್ನಾಗಿದೀಯೇನೇ ಅಂತ ಕೇಳುವುದು ಎಂಥ ಮಾತುಕತೆ?

ಇದರ ನಡುವೆ ಮೃದುಲಾಗೆ ಮಗು ಬೇಕಿತ್ತು, ತುಂಬ ಬೇಕಿತ್ತು. ಮದುವೆಯಾಗಿ ನಾಲ್ಕು ವರ್ಷ. ಬೀದಿಯವರು ಕೇಳುವುದು ನಿಲ್ಲಿಸಿ ಕನಿಕರ ಪಡಲು ಶುರುಮಾಡಿದ್ದರು. ಗಂಡ ನರಸಿಂಹ ಮಂಡಿಯಲ್ಲಿ ಲೆಕ್ಕ ಬರೆಯುವವನು, ಮಾತು ಕಮ್ಮಿ. ಅವನೂ ಬೇರೆಯವರ ಮಕ್ಕಳನ್ನು ಎತ್ತಿಕೊಂಡರೆ ಬೇಗ ಇಳಿಸುತ್ತಿರಲಿಲ್ಲ. ಎರಡು ಸಲ ವಾರ ಹತ್ತು ದಿನ ತಡವಾದಾಗ ಶಾಮಲಮ್ಮ ಮಠದ ತನಕ ಸುದ್ದಿ ಮುಟ್ಟಿಸಿ, ಆಮೇಲೆ ಏನೂ ಇಲ್ಲ ಅಂತಾದಾಗ ಎರಡು ದಿನ ಊಟ ಬಿಟ್ಟಿದ್ದರು. ತಿಂಗಳು ತಿಂಗಳೂ ಹಿತ್ತಲ ಬಾಗಿಲು ದಾಟುವಾಗ ಮೃದುಲಾಳ ಒಂದು ಕಣ್ಣಲ್ಲಿ ನೀರು ಬರುತ್ತಿತ್ತು, ಇನ್ನೊಂದು ಕಣ್ಣು ಗೂಡಿನ ಕಡೆ ಓಡುತ್ತಿತ್ತು. ಹೀಗೆ ಎರಡು ಆಸೆ ಒಟ್ಟಿಗೆ ಇಟ್ಟುಕೊಂಡವಳ ಪಾಡು ಯಾರಿಗೂ ಬೇಡ.

ತೊಂಬತ್ತೊಂಬತ್ತರ ಜೂನ್. ಮಠದಲ್ಲಿ ಮರುದಿನ ಆರಾಧನೆ. ಮೃದುಲಾಗೆ ಹನ್ನೆರಡು ದಿನ ತಡವಾಗಿತ್ತು. ಈ ಸಲ ಗಟ್ಟಿಯಾಗುವ ತನಕ ಬಾಯಿ ಬಿಡಬಾರದು ಅಂತ ಅವಳು ಗಂಡನಿಗೂ ಹೇಳಿರಲಿಲ್ಲ. ಆರಾಧನೆಗೆ ಅಂತ ಹೊರಟ ಶ್ರೀಪ್ರಿಯಾ ಮಧ್ಯಾಹ್ನದ ಬಸ್ಸಿಗೆ ಬಂದವಳು ಮುಂದಿನ ಬಾಗಿಲಿಗೆ ಬರಲೇ ಇಲ್ಲ. ಪಕ್ಕದ ಓಣಿಯಿಂದ ನೇರ ಹಿತ್ತಲಿಗೆ ಹೋಗಿ, ದೂರ ನಿಂತು, ದಾರಿಯಲ್ಲೇ ಹೊರಗಾದೆ ಅಂತ ಅಮ್ಮನಿಗೆ ಕೂಗಿ ಹೇಳಿದಳು.

ಮೃದುಲಾ ಅಡಿಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ಕಿಟಕಿಯಿಂದ ಹಿತ್ತಲ ಕೋಣೆ ಕಾಣುತ್ತಿತ್ತು. ಶ್ರೀಪ್ರಿಯಾ ಚೀಲ ಇಳಿಸಿ, ಗೂಡಿಗೆ ಕೈ ಹಾಕಿ, ಆಟ ತೆಗೆದು ಮಡಿಲಲ್ಲಿಟ್ಟುಕೊಂಡು, ಆಡದೆ ಸುಮ್ಮನೆ ಕೂತಳು. ಎರಡು ವರ್ಷದ ಮೇಲೆ ಅವಳು ಅಲ್ಲಿ ಕೂತಿದ್ದಳು. ಮೂರು ದಿನ ಇರುತ್ತಾಳೆ, ನಾಲ್ಕನೇ ದಿನ ಹೋಗುತ್ತಾಳೆ. ತನಗೆ ಈಗ ನಿಂತಿದ್ದು ನಿಜವೇ ಆದರೆ ಇನ್ನು ವರ್ಷಾನುಗಟ್ಟಲೆ ತಾನು ಆ ಕೋಣೆಗೆ ಹೋಗುವಂತಿಲ್ಲ. ಬಾಣಂತನ, ಹಾಲೂಡಿಸುವುದು, ಆಮೇಲೆ ಯಾರ ದಿನ ಯಾರಿಗೋ. ಮೃದುಲಾ ತುರಿಯುವ ಮಣೆಯಿಂದ ಎದ್ದಳು. ಹಿತ್ತಲ ಬಾಗಿಲಿಗೆ ಹೋಗಿ ಹೊಸ್ತಿಲಾಚೆ ನಿಂತು, ಅತ್ತೆ, ನಾನೂ ದೂರ ಆದೆ, ಅಂದಳು.

ಶಾಮಲಮ್ಮ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿದರು, ಗೋಡೆಯ ಪಂಚಾಂಗದ ಕಡೆ ನೋಡಿದರು. ಹನ್ನೆರಡು ದಿನದಿಂದ ಅವರೂ ಬಾಯಿ ಕಟ್ಟಿಕೊಂಡು ಎಣಿಸುತ್ತಿದ್ದರು ಅನ್ನುವುದು ಮೃದುಲಾಗೆ ಆಗ ಗೊತ್ತಾಯಿತು. ಅವರು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ, ಅರ್ಧ ತುರಿದ ಕಾಯಿಯ ಮುಂದೆ ತಾವೇ ಕೂತರು. ಅದನ್ನು ಕಂಡ ಮೇಲೂ ಮೃದುಲಾಳ ಕಾಲು ಹಿತ್ತಲ ಕಡೆಗೇ ನಡೆಯಿತು.

ಆ ಸಂಜೆ ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಎಡಗೈಗೂ ಬಲಗೈಗೂ ಹೊಂದಾಣಿಕೆ ತಪ್ಪಿತ್ತು, ಎರಡನೇ ಘಟ್ಟ ದಾಟುವುದೇ ಕಷ್ಟವಾಯಿತು. ಮೃದುಲಾ ಬಿದ್ದು ಬಿದ್ದು ನಕ್ಕಳು. ಶ್ರೀಪ್ರಿಯಾ ಅಷ್ಟು ನಗಲಿಲ್ಲ. ಕಣ್ಣು ಊದಿತ್ತು, ಬಸ್ಸಿನ ದೂಳು ಅಂದಳು, ಮೃದುಲಾ ನಂಬಿದಳು. ನಂಬುವುದು ಸುಲಭವಿತ್ತು.

ಮರುದಿನ ಮನೆಯವರೆಲ್ಲ ಆರಾಧನೆಗೆ ಹೋದರು. ದೂರದಿಂದ ಮಠದ ಗಂಟೆ, ಪಂಕ್ತಿಯ ಗದ್ದಲ ಕೇಳುತ್ತಿತ್ತು. ಹಿತ್ತಲಲ್ಲಿ ಇವರಿಬ್ಬರೇ. ಕೈ ಕೂಡಿಕೊಂಡಿತ್ತು. ಮೂರು, ನಾಲ್ಕು, ಐದು, ಆರು, ಒಂದೂ ಪ್ರಾಣ ಕಳೆದುಕೊಳ್ಳದೆ ಏಳನೇ ಘಟ್ಟ. ಬಸುರಿ ಪರದೆ ತುಂಬ ಬಂದು ನಿಂತಳು. ಮೃದುಲಾಳ ಹೆಬ್ಬೆರಳು ಗುಂಡಿಯ ಮೇಲೆ ಕುಣಿಯುತ್ತಿತ್ತು. ಆಗ ಎಡಗೈ ನಿಂತಿತು. ಶ್ರೀಪ್ರಿಯಾ ಆಟವನ್ನು ತಡೆಹಿಡಿಯುವ ಗುಂಡಿ ಒತ್ತಿದ್ದಳು.

“ತಂತಿ ಮೇಲೆ ನಿನ್ನೆಯಿಂದ ನನ್ನ ಬಟ್ಟೆ ಮಾತ್ರ ಒಣಗ್ತಿದೆ ಅತ್ತಿಗೆ,” ಅಂದಳು. “ನಿಮ್ಮದು ಎಲ್ಲಿ?”

ಮೃದುಲಾ ತಂತಿಯ ಕಡೆ ನೋಡಿದಳು. ಸುಳ್ಳಿಗೆ ಏನೇನು ಬೇಕೋ ಎಲ್ಲ ಹೊಂದಿಸಿದ್ದಳು, ಇದೊಂದು ನೆನಪಾಗಿರಲಿಲ್ಲ. ಹೊರಗಾದವರು ತಮ್ಮ ಬಟ್ಟೆ ತಾವೇ ಒಗೆದು ಒಣಹಾಕಬೇಕು. ಒಗೆಯಲು ಅವಳ ಹತ್ತಿರ ಏನಿತ್ತು?

ಎಷ್ಟು ದಿನವಾಯಿತು ಅಂತ ಶ್ರೀಪ್ರಿಯಾ ಕೇಳಿದಳು. ಹದಿಮೂರು ಅಂದಳು. ಅಮ್ಮನಿಗೆ ಗೊತ್ತಾ, ಅಣ್ಣನಿಗೆ ಗೊತ್ತಾ ಅಂತ ಕೇಳಿದಳು. ಇಲ್ಲ ಅಂದಳು. ಯಾಕೆ ಹೀಗೆ ಮಾಡಿದಿರಿ ಅಂದಾಗ ಮೃದುಲಾ ಇದ್ದದ್ದನ್ನೇ ಹೇಳಿದಳು. “ನಿನ್ನ ಜೊತೆ ಕೂರಬೇಕಿತ್ತು ಕಣೇ. ಅಷ್ಟೇ.”

ಶ್ರೀಪ್ರಿಯಾ ತಂತಿಯ ಕಡೆ ನೋಡುತ್ತಲೇ ಹೇಳಿದಳು.

“ಮದುವೆಗೆ ಮುಂಚೆ ನನಗೂ ಈ ಕೋಣೆ ಅಂದ್ರೆ ಆಸೆನೇ. ಈಗ ಅಲ್ಲಿ ಪ್ರತಿ ತಿಂಗಳೂ ಬಚ್ಚಲಲ್ಲಿ ನಿಂತು ಅತ್ತು, ಮುಖ ತೊಳ್ಕೊಂಡು ಆಮೇಲೆ ಹೊರಗೆ ಬರ್ತೀನಿ. ಈ ಸಲ ಎಂಟು ದಿನ ತಡ ಆಗಿತ್ತು. ಅಮ್ಮಂಗೆ ಬಾಯಾರೆ ಹೇಳೋಣ ಅಂತ ಬಸ್ ಹತ್ತಿದ್ದೆ. ಅರ್ಧ ದಾರಿಲಿ ಗೊತ್ತಾಯ್ತು.” ಮೃದುಲಾಳ ಕಡೆ ತಿರುಗಿದಳು. “ನಾನು ಬೇಡ ಬೇಡ ಅಂತ ಅಳೋದನ್ನ ನೀವು ಸುಳ್ಳು ಹೇಳಿ ತಗೊಂಡ್ರಲ್ಲ ಅತ್ತಿಗೆ.”

 ಎರಡು ವರ್ಷ ಮೃದುಲಾ ಕಾದಿದ್ದ ಹುಡುಗಿ ಈ ಕೋಣೆಯಿಂದ ಎದ್ದು ಹೋದವಳು. ಬಂದು ಕೂತವಳು ಬೇರೆ. ಒರಗಿ ಕೂತಿದ್ದ ಭುಜ ಅದೇ, ಹಾಗಾಗಿ ತನಗೆ ತಿಳಿಯಲಿಲ್ಲ. ತನ್ನ ಸಡಗರದಲ್ಲಿ ತಾನು ಒಂದು ಸಲವಾದರೂ ಹೇಗಿದೀಯ ಅಂತ ಸರಿಯಾಗಿ ಕೇಳಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಇದೊಂದು ಮುಗಿಸಿಬಿಡೋಣ, ಮುಗಿಸಿ ಒಳಗೆ ಹೋಗುತ್ತೇನೆ ಅಂದಳು.

ಶ್ರೀಪ್ರಿಯಾ ಅವಳ ಹೆಬ್ಬೆರಳನ್ನು ಗುಂಡಿಯಿಂದ ಮೆಲ್ಲಗೆ ಬಿಡಿಸಿದಳು. ಹೊಡೆಯುವ ಕೈ ನಿಮ್ಮದು, ಈಗ ನಿಮ್ಮ ಕೈಯಲ್ಲಿ ಏನೂ ಸಾಯಬಾರದು ಅಂದಳು. ಬಸುರಿ ಇರುವ ಮನೆಯಲ್ಲಿ ಗಂಡ ಕೂಡ ಕುಂಬಳಕಾಯಿ ಒಡೆಯುವುದಿಲ್ಲ, ಹಲ್ಲಿ ಕಂಡರೂ ಹೊಡೆಯುವುದಿಲ್ಲ. ಶಾಮಲಮ್ಮನವರ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಇದು ಬರೀ ಆಟ ಕಣೇ ಅಂದಳು ಮೃದುಲಾ. ಶ್ರೀಪ್ರಿಯಾ ಪರದೆಯ ಮೇಲೆ ನಿಂತಿದ್ದ ಆ ಹೊಟ್ಟೆಯನ್ನು ತೋರಿಸಿದಳು.

“ಆಟನೋ ಏನೋ. ಇದನ್ನ ನೀವು ಹೊಡೀಬಾರದು. ನಾನು ಹೊಡೀತೀನಿ, ನನಗೇನು ಅಡ್ಡಿ?”

ಕೊನೆಯ ಮಾತನ್ನು ಅವಳು ಕಹಿಯಿಲ್ಲದೆ, ಬಸ್ಸು ಎಷ್ಟು ಹೊತ್ತಿಗೆ ಅಂತ ಹೇಳುವ ಹಾಗೆ ಹೇಳಿದಳು. ಮೃದುಲಾಗೆ ಅದನ್ನು ಕೇಳಿ ಕೂರಲಾಗಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡಳು.

ಮಠದಿಂದ ಬಂದ ಶಾಮಲಮ್ಮ, ಒದ್ದೆ ಕೂದಲಲ್ಲಿ ನಡುಮನೆಯಲ್ಲಿ ನಿಂತಿದ್ದ ಸೊಸೆಯನ್ನು ಕಂಡು ಮೊದಲು ಕಿರುಚಿದರು, ಆಮೇಲೆ ಕೇಳಿದರು, ಆಮೇಲೆ ಕೂತುಬಿಟ್ಟರು. ಆಗಿದ್ದನ್ನು ಮುಚ್ಚಿಟ್ಟು ಅಡಿಗೆಮನೆ ಹೊಕ್ಕ ಸೊಸೆಯರನ್ನು ಅವರು ಬೇಕಾದಷ್ಟು ಕಂಡಿದ್ದರು. ಆಗದೆಯೇ ಹೊರಗೆ ಕೂತವಳನ್ನು ಇದೇ ಮೊದಲು ನೋಡಿದ್ದು. ಬೈಯಲು ಬಾಯಿ ತೆರೆದರು, ಅದರಿಂದ ಅಳು ಬಂತು. ಅಲ್ಲಿಂದಾಚೆಗೆ ಮನೆಯಲ್ಲಿ ಹಬ್ಬ. ನರಸಿಂಹ ಎರಡು ಮೊಳ ಹೂ ತರುವ ಕಡೆ ಎಂಟು ಮೊಳ ತಂದ. ಭಾರ್ಗವ್ ಕೋಲಾರಕ್ಕೆ ಫೋನು ಮಾಡಲು ಬೂತಿಗೆ ಓಡಿದ. ಮೃದುಲಾಗೆ ಸಂತೋಷವಾಗಲಿಲ್ಲ ಅಂದರೆ ಸುಳ್ಳು. ಆದರೆ ಪ್ರತಿ ಸಲ ಯಾರಾದರೂ ನಕ್ಕಾಗ ಅವಳ ಕಿವಿ ಹಿತ್ತಲ ಕಡೆ ತಿರುಗುತ್ತಿತ್ತು. ನಗು ಅಲ್ಲಿಗೆ ಚೆನ್ನಾಗಿ ಕೇಳುತ್ತದೆ ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಶ್ರೀಪ್ರಿಯಾಳ ಊಟದ ತಟ್ಟೆಯನ್ನು ಶಾಮಲಮ್ಮ ಎಂದಿನ ಹಾಗೆ ಕಟ್ಟೆಯ ಮೇಲಿಟ್ಟು, ನಿನ್ನ ಅತ್ತಿಗೆಗೆ ನಿಂತಿದೆಯಂತೆ ಕಣೇ ಅಂತ ಸಂಭ್ರಮದಿಂದ ಹೇಳಿ ಬಂದರು. ಒಳ್ಳೆಯದಾಯಿತಮ್ಮ ಅಂದಳಂತೆ.

ಮೂರನೇ ದಿನ ಸಂಜೆ ದೀಪ ಹಚ್ಚುವ ಹೊತ್ತು. ಮೃದುಲಾ ಅಡಿಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು. ಹಿತ್ತಲ ಕೋಣೆಯಿಂದ ಬಸುರಿ ಬರುವಾಗಿನ ಸಂಗೀತ ಕೇಳಿತು. ಗುಂಡಿನ ಸದ್ದು ಒಂದೇ ಸಮ ಬಂತು, ನಡುವೆ ತಡವರಿಸಿತು, ಮತ್ತೆ ಬಂತು. ಒಬ್ಬಳೇ ಎರಡು ಕೈಯಲ್ಲಿ ಆಡುತ್ತಿದ್ದಾಳೆ. ಮೃದುಲಾಳ ಬಲಗೈ ಹೆಬ್ಬೆರಳು ಕಿಟಕಿಯ ಸರಳಿನ ಮೇಲೆ ತಾನಾಗಿಯೇ ಒತ್ತುತ್ತಿತ್ತು. ಆಮೇಲೆ ಅವಳು ಮೂರು ವರ್ಷದಲ್ಲಿ ಎಂದೂ ಕೇಳದ ಒಂದು ರಾಗ ಬಂತು. ನಿಧಾನದ ರಾಗ, ಗೆದ್ದವರಿಗೆ ಬಾರಿಸುವುದರ ಹಾಗೆ ಇರಲಿಲ್ಲ. ಅದು ಮುಗಿದ ಮೇಲೆ ಏನೂ ಕೇಳಲಿಲ್ಲ.

ಅವಳು ಹಿತ್ತಲ ಬಾಗಿಲು ತೆಗೆದು ಅಂಗಳ ದಾಟಿ ಕೋಣೆಯ ಹೊಸ್ತಿಲಿನ ಈಚೆ ನಿಂತಳು. ಶ್ರೀಪ್ರಿಯಾ ಗೋಡೆಗೆ ಒರಗಿ ಕೂತಿದ್ದಳು. ಪರದೆ ಆಗಲೇ ಮೊದಲಿನ ಚಿತ್ರಕ್ಕೆ ಮರಳಿತ್ತು.

“ಎದೆ ಬಾಗಿಲು ತೆರೀತು,” ಅಂದಳು ಶ್ರೀಪ್ರಿಯಾ, ಕೇಳುವ ಮುಂಚೆಯೇ. “ಇಳಿದು ಬಂದು ಟೋಪಿ ತೆಗೆದಳು. ಹುಡುಗಿನೇ ಅತ್ತಿಗೆ. ಉದ್ದ ಕೂದಲು.”

“ಆಮೇಲೆ?”

“ಆಮೇಲೆ ಏನಿಲ್ಲ. ಒಂದು ಬಯಲು. ಒಬ್ಬಳೇ ನಿಂತ್ಕೊಂಡು ನೋಡ್ತಾಳೆ. ಕರ್ಕೊಂಡು ಹೋಗೋಕೆ ಯಾರೂ ಬರಲ್ಲ.” 

ಮೃದುಲಾ ಹೊಸ್ತಿಲು ದಾಟಿದಳು. ಬೇಡ, ಮೈಲಿಗೆ, ನಾನಿನ್ನೂ ಮಿಂದಿಲ್ಲ ಅಂತ ಶ್ರೀಪ್ರಿಯಾ ಹಿಂದೆ ಸರಿದಳು. ಸರಿಯಲು ಗೋಡೆ ಬಿಡಲಿಲ್ಲ. ಮೃದುಲಾ ಅವಳ ಪಕ್ಕ ಕೂತು, ಎರಡೂ ಕೈಯಿಂದ ಅವಳ ತಲೆಯನ್ನು ಎಳೆದು ತನ್ನ ಭುಜಕ್ಕೆ ಒತ್ತಿಕೊಂಡಳು. ಶ್ರೀಪ್ರಿಯಾ ಆಗ ಸದ್ದು ಮಾಡಿ ಅತ್ತಳು. ಅಷ್ಟು ದಿನದ್ದು ಒಟ್ಟಿಗೆ ಬಂತು.

ಅಳು ಕೇಳಿ ಶಾಮಲಮ್ಮ ಕಂದೀಲು ಹಿಡಿದು ಬಂದರು. ಸೊಸೆ ಮುಟ್ಟಿ ಕೂತಿದ್ದನ್ನು ನೋಡಿದರು. ಬಾಯಿ ತೆರೆದರು. ಆಮೇಲೆ ಅವರ ಕಣ್ಣು ಮಗಳ ಮೇಲೆ ನಿಂತಿತು, ಅಲ್ಲೇ ಉಳಿಯಿತು. ನಿನ್ನೆಯಿಂದ ಊರಿಗೆಲ್ಲ ಸಕ್ಕರೆ ಹಂಚಿದವರು ಈ ಒಂದು ಮುಖ ನೋಡಿರಲಿಲ್ಲ. ಮುಟ್ಟಿಬಿಟ್ಟೆ ಅತ್ತೆ, ಅಂದಳು ಮೃದುಲಾ.

“ಕಾಣ್ತಿದೆ,” ಅಂದರು ಶಾಮಲಮ್ಮ. ಕಂದೀಲನ್ನು ಹೊಸ್ತಿಲ ಹತ್ತಿರ ಇಟ್ಟರು. “ಮುಟ್ಟಿದ ಮೇಲೆ ಸ್ನಾನ ಆಗದೆ ಒಳಗೆ ಬರೋ ಹಾಗಿಲ್ಲ. ಬಸುರಿ ಹೆಂಗಸು ಈ ಹೊತ್ತಲ್ಲಿ ತಲೆಗೆ ನೀರು ಹಾಕ್ಕೋಬಾರದು. ಇವತ್ತು ಅಲ್ಲೇ ಮಲ್ಕೋ. ಬೆಳಗ್ಗೆ ಇಬ್ರೂ ಒಟ್ಟಿಗೆ ಮಿಂದು ಬನ್ನಿ, ನಾನೇ ನೀರು ಕಾಯಿಸ್ತೀನಿ.”

ಒಳಗೆ ಹೋದವರು ತಿರುಗಿ ಬಂದು ಇನ್ನೊಂದು ಚಾಪೆ, ಒಂದು ಹೊದಿಕೆ ದೂರದಿಂದಲೇ ಒಳಗೆ ಹಾಕಿ ಹೋದರು. ಆ ಕೋಣೆಯಲ್ಲಿ ಎರಡು ಚಾಪೆಗೆ ಜಾಗವಿತ್ತು. ಅವರು ಒಂದನ್ನೇ ಹಾಸಿಕೊಂಡರು.